ಹೆಸರಿದೆ, ಹಾಳೆಯಿಲ್ಲ

ನಮ್ಮ ಹೊಲಕ್ಕೆ ಹೆಸರಿತ್ತು, ಸರ್ವೆ ನಂಬರಿತ್ತು, ನಾಲ್ಕೂ ಕಡೆ ಚಕ್ಕುಬಂದಿ ಇತ್ತು. ವರ್ಷ ವರ್ಷ ಬಿಳಿಜೋಳವೂ ಬರುತ್ತಿತ್ತು. ಆದರೆ 2008ರಲ್ಲಿ, ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಹೋದಾಗ, ಕಂಪ್ಯೂಟರಿನ ಮುಂದಿದ್ದ ಹುಡುಗ ಹೇಳಿದ: "ಈ ಹಿಸ್ಸಾಕ್ಕ ಪಹಣಿ ಇಲ್ರಿ." ಪಟ್ಟಿಯಲ್ಲಿ ನಂಬರು ಕಾಣುತ್ತಿತ್ತು. ಅದನ್ನು ಕರೆದರೆ ಏನೂ ಬರುತ್ತಿರಲಿಲ್ಲ. ಊರಿನ ಹೆಸರು, ಕಚೇರಿಯ ಹೆಸರು ಇಲ್ಲಿ ಬೇಡ.

ವರಸೆಯಲ್ಲಿ ಕಾಕಾ ಆಗಬೇಕಾದ ಹಿರಿಯರೊಬ್ಬರು ದಾರಿ ತೋರಿಸಿದರು. "ಯಾಕ ತಲಿ ಕೆಡಿಸ್ಕೋತಿ ಯವ್ವಾ? ಒಂದು ಅಫಿಡವಿಟ್ ಹಾಕಿ, ನಿಮ್ಮ ಹೆಸರಿಗೇ ಹೊಸಾದು ಬರಸು." ನನಗೂ ಅದು ಸಲೀಸು ಅನ್ನಿಸಿತು.

ಆ ವಾರ ಗವಿಮಠದ ಜಾತ್ರೆಗೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಕಾರ್ಖಾನೆಯೊಂದರಲ್ಲಿ ಎಸ್‌ಎಪಿ ತಂತ್ರಾಂಶ ನೋಡಿಕೊಳ್ಳುವ ಕೆಲಸ ಅವನದು. 1972ರಲ್ಲಿ ಜರ್ಮನಿಯಲ್ಲಿ, ಐಬಿಎಂ ಬಿಟ್ಟುಬಂದ ಐವರು ಕಟ್ಟಿದ ಕಂಪನಿಯದು ಈ ತಂತ್ರಾಂಶ. ಸಂಬಳ, ದಾಸ್ತಾನು, ಬಿಲ್ಲು ಎಲ್ಲ ಅದರಲ್ಲೇ. ನನ್ನ ಗೋಳು ಕೇಳಿ ಅವನು ನಕ್ಕ. "ಟೀಚರ್, ನಮ್ಮಲ್ಲೂ ಇದೇ ರೋಗ ಐತ್ರಿ. 'ಕಾಲ್ ಫಂಕ್ಷನ್ ನಾಟ್ ಫೌಂಡ್' ಅಂತ ಬರ್ತೈತಿ."

ಅವನು ಬಿಡಿಸಿ ಹೇಳಿದ. ಅಲ್ಲಿ ಒಂದು ಪ್ರೋಗ್ರಾಮು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಆ ಹೆಸರಿನದು ಅಲ್ಲಿಲ್ಲದಿದ್ದರೆ ಕೆಲಸ ನಡುವೆಯೇ ನಿಲ್ಲುತ್ತದೆ. ಮೊದಲು ಹೆಸರಿನ ಅಕ್ಷರ ತಪ್ಪಿದೆಯೇ ಎಂದು ನೋಡಬೇಕು. ಸರಿಯಿದ್ದರೆ, ಅದು ಬೇರೆಲ್ಲಾದರೂ ಉಳಿದಿದೆಯೇ ಎಂದು ಹುಡುಕಬೇಕು. ಬರೆಯುವ ಯಂತ್ರ ಒಂದು, ಪರೀಕ್ಷೆಯ ಯಂತ್ರ ಒಂದು, ನಿತ್ಯದ ವ್ಯವಹಾರದ್ದು ಮತ್ತೊಂದು. ಒಂದರಿಂದ ಇನ್ನೊಂದಕ್ಕೆ ಗಂಟು ಕಟ್ಟಿ ಸಾಗಿಸುತ್ತಾರೆ. ಗಂಟಿನಲ್ಲಿ ಒಂದು ತುಣುಕು ಬಿಟ್ಟುಹೋದರೂ ಸಾಕು. "ಬಾಳ ಸಲ ಅದು ಕಳೆದಿರಂಗಿಲ್ರಿ, ಸಾಗಿಸುವಾಗ ಹಿಂದ ಉಳಿದಿರ್ತೈತಿ. ಅದೇ ಹೆಸರಿಲೆ ಖಾಲಿ ಪ್ರೋಗ್ರಾಮು ಹಾಕಿದ್ರ ದೋಷದ ಸಂದೇಶ ಹೋಗ್ತೈತಿ, ಲೆಕ್ಕ ಮಾತ್ರ ತಪ್ಪಾಗಿ ಬರ್ತೈತಿ. ನೀವು ಹೊಸಾದು ಬರಸಬ್ಯಾಡ್ರಿ."

ನಮ್ಮ ನಾಡಿನ ಕಾಗದಗಳು ಸಾಗಿದ ದಾರಿ ನೆನಪಾಯಿತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಮರುವರ್ಷ ಜಹಗೀರುಗಳು ಹೋದವು. 1956ರಲ್ಲಿ ಹೈದರಾಬಾದು ಬಿಟ್ಟು ಮೈಸೂರು ರಾಜ್ಯ ಸೇರಿದೆವು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಆಮೇಲೆ ಭೂಮಿ ಯೋಜನೆ ಬಂತು: 177 ತಾಲ್ಲೂಕುಗಳ, 67 ಲಕ್ಷ ರೈತರ, ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರ ಸೇರಿದವು. 15 ರೂಪಾಯಿಗೆ ಪಹಣಿ ಕೈಗೆ ಬಂತು. ಕೈಬರಹದ್ದು ಮಾನ್ಯತೆ ಕಳೆದುಕೊಂಡಿತು. ಅದು ಬಡವರಿಗಾದ ದೊಡ್ಡ ಉಪಕಾರವೇ. ಆದರೆ ಇಷ್ಟು ಸಲ ಮನೆ ಬದಲಿಸಿದ ಸಂಸಾರದಲ್ಲಿ ಒಂದು ತಂಬಿಗೆಯಾದರೂ ಹಿಂದೆ ಉಳಿಯದೆ ಇರುತ್ತದೆಯೇ?

ಹಾಗಾಗಿ ನಾವು ಹಳೆಯ ತುದಿಯಿಂದ ಹಿಡಿದೆವು. ದಾಖಲೆ ಕೋಣೆಯಲ್ಲಿ 1954-55ರ ಖಾಸ್ರಾ ಪಹಣಿ ತೆಗೆಸಿದೆವು. ಉರ್ದು ಶಾಲೆಯ ನಿವೃತ್ತ ಮಾಸ್ತರರು ಬಂದು ಓದಿದರು. ಹಳೆಯ ಕಾಗದಗಳಲ್ಲಿ ಫಸಲಿ ವರ್ಷ ಬಂದಲ್ಲಿ 590 ಕೂಡಿಸಿಕೊಳ್ಳಿ ಎಂದು ಅವರೇ ಕಲಿಸಿದರು. 1358 ಫಸಲಿ ಎಂದರೆ 1948-49. ಅಜ್ಜನ ಹೆಸರು ಸಿಕ್ಕಿತು. ಮುಂದೆ ಹಕ್ಕು ಬದಲಾವಣೆಯ ವಹಿಯಲ್ಲಿ ಹೊಲ ಎರಡು ಹಿಸ್ಸೆಯಾದದ್ದು ಸಿಕ್ಕಿತು. ಕೈಬರಹದ ಪಹಣಿ ಮಾತ್ರ ನಮ್ಮೂರ ಸಂಪುಟದಲ್ಲಿ ಇರಲಿಲ್ಲ. ಮೂರನೆಯ ದಿನ, ಪಕ್ಕದೂರ ಸಂಪುಟದಲ್ಲಿ ಹೊಲಿದಿದ್ದ ಹಾಳೆ ಸಿಕ್ಕಿತು. ಎಂದೋ ಯಾರೋ ರಟ್ಟು ಕಟ್ಟುವಾಗ ಅಲ್ಲಿ ಸೇರಿಸಿಬಿಟ್ಟಿದ್ದರು.

ಆ ಹಾಳೆಯಲ್ಲಿ ಎರಡು ಹೆಸರಿದ್ದವು. ಒಂದು ಅಪ್ಪನದು, ಇನ್ನೊಂದು ನನ್ನ ಸೋದರತ್ತೆಯದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳ ಹೆಸರನ್ನು ಅಜ್ಜ ಬರೆಸಿದ್ದ. ಆಕೆಗೇ ಅದು ಗೊತ್ತಿರಲಿಲ್ಲ. ನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಆಯುಷ್ಯ ಕಳೆದಿದ್ದಳು.

ಕಾಕಾ ಹೇಳಿದಂತೆ ಹೊಸದು ಬರೆಸಿದ್ದರೆ ಯಾವ ಅಡ್ಡಿಯೂ ಬರುತ್ತಿರಲಿಲ್ಲ. ಪಹಣಿ ಅಚ್ಚುಕಟ್ಟಾಗಿ ಬರುತ್ತಿತ್ತು, ಅತ್ತೆಯ ಹೆಸರೊಂದನ್ನು ಬಿಟ್ಟು. ನಾನೇ ನನ್ನ ಕೈಯಾರೆ ಆಕೆಯನ್ನು ಅಳಿಸಿದಂತಾಗುತ್ತಿತ್ತು.

ತಹಶೀಲ್ದಾರರ ಆದೇಶವಾಗಿ ತಿದ್ದುಪಡಿ ಬರಲು ಏಳು ತಿಂಗಳು ಹಿಡಿಯಿತು. ಪಹಣಿಯನ್ನು ಅತ್ತೆಯ ಕೈಗೆ ಕೊಟ್ಟೆ. ಓದಲು ಬಾರದ ಆಕೆ, "ನನ್ನ ಹೆಸರು ಎಲ್ಲೈತಿ, ತೋರಸು," ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು.