ವಸಡಿನ ರೋಗ, ಸಕ್ಕರೆ ಕಾಯಿಲೆ: ಎರಡೂ ವಂಶದಿಂದಲೇ ಬರುತ್ತವೆಯೇ?

'ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು, ಐವತ್ತರೊಳಗೇ ಹಲ್ಲು ಅಲುಗಾಡಿ ಬಿದ್ದವು. ನಮ್ಮ ಮನೆತನವೇ ಹೀಗೆ' ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ವಸಡಿನ ರೋಗ ಮತ್ತು ಟೈಪ್ 2 ಮಧುಮೇಹ ಎರಡರಲ್ಲೂ ವಂಶವಾಹಿಗಳ ಪಾತ್ರವಿದೆ. ಆದರೆ ಎರಡನ್ನೂ ಒಟ್ಟಿಗೆ ತರುವ ಒಂದೇ ಜೀನ್ ಇದುವರೆಗೆ ಪತ್ತೆಯಾಗಿಲ್ಲ. ಈ ಕಾಯಿಲೆಗಳನ್ನು ಹೆಚ್ಚಾಗಿ ಬೆಸೆಯುವುದು ಉರಿಯೂತ. ಅದನ್ನು ತಗ್ಗಿಸಲು ದಾರಿಯಿದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಹೀಗಾಗಿ ಈ ನಂಟನ್ನು ತಿಳಿದಿರುವುದು ಒಳ್ಳೆಯದು.

ವಸಡಿನ ರೋಗ ಎಂದರೇನು?

ಹಲ್ಲಿನ ಬುಡದಲ್ಲಿ ಕೂರುವ ಅಂಟು ಪದರವೇ ಪ್ಲಾಕ್. ಇದರಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಈ ಹಂತವನ್ನು ಜಿಂಜಿವೈಟಿಸ್ ಎನ್ನುತ್ತಾರೆ. ಸ್ವಚ್ಛಗೊಳಿಸಿದರೆ ಇದು ವಾಸಿಯಾಗುತ್ತದೆ. ನಿರ್ಲಕ್ಷಿಸಿದರೆ ಕೆಲವರಲ್ಲಿ ಹಲ್ಲನ್ನು ಹಿಡಿದಿಟ್ಟಿರುವ ಮೂಳೆಯೇ ಸವೆಯತೊಡಗುತ್ತದೆ. ಇದೇ ಪೆರಿಯೊಡಾಂಟೈಟಿಸ್. ಸವೆದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಪ್ಲಾಕ್ ಒಂದೇ ಪ್ರಮಾಣದಲ್ಲಿದ್ದರೂ ಒಬ್ಬರ ಮೂಳೆ ಸವೆಯುತ್ತದೆ, ಇನ್ನೊಬ್ಬರದು ಉಳಿಯುತ್ತದೆ. ಈ ವ್ಯತ್ಯಾಸವೇ ಸಂಶೋಧಕರನ್ನು ವಂಶವಾಹಿಗಳತ್ತ ಕರೆದೊಯ್ದಿತು.

ವಂಶವಾಹಿಗಳು ಹೇಳುವುದೇನು?

ಅಮೆರಿಕದಲ್ಲಿ 117 ಜೋಡಿ ವಯಸ್ಕ ಅವಳಿಗಳ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಪೆರಿಯೊಡಾಂಟೈಟಿಸ್ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ಅನುವಂಶೀಯತೆ ಕಾರಣ ಎಂದು ಅದು ತಿಳಿಸಿತು. ಅದಕ್ಕೂ ಮೊದಲು, 1997ರಲ್ಲಿ, ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಜೀನ್‌ನ ಕೆಲವು ರೂಪಗಳಿಗೂ ತೀವ್ರ ವಸಡಿನ ರೋಗಕ್ಕೂ ನಂಟು ಕಂಡುಬಂದಿತ್ತು. ಆದರೆ ಎಲ್ಲ ಜನಸಮುದಾಯಗಳಲ್ಲೂ ಅದೇ ಫಲಿತಾಂಶ ಬರಲಿಲ್ಲ.

ಟೈಪ್ 2 ಮಧುಮೇಹದಲ್ಲಿ ಹೆಚ್ಚು ಚರ್ಚೆಯಾದದ್ದು ಟಿಸಿಎಫ್7ಎಲ್2 ಎಂಬ ಜೀನ್. ಇನ್ಸುಲಿನ್ ಸ್ರವಿಕೆಯ ಮೇಲೆ ಪರಿಣಾಮ ಬೀರುವ ಇದರ ಪಾತ್ರವನ್ನು 2006ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಗುರುತಿಸಿದರು. ಮರುವರ್ಷವೇ ಪುಣೆ ಮತ್ತು ಚೆನ್ನೈನಲ್ಲಿ ನಡೆದ ಅಧ್ಯಯನಗಳು ಭಾರತೀಯರಲ್ಲೂ ಈ ನಂಟನ್ನು ದೃಢಪಡಿಸಿದವು.

ಎರಡೂ ಕಾಯಿಲೆಗಳ ಸುಳಿವು ಅಕ್ಕಪಕ್ಕದಲ್ಲಿ ಸಿಕ್ಕಿದ್ದು 9ನೇ ಕ್ರೋಮೋಸೋಮ್‌ನ ಒಂದು ಪುಟ್ಟ ಭಾಗದಲ್ಲಿ. 2007ರಲ್ಲಿ ಮಧುಮೇಹ ಮತ್ತು ಹೃದ್ರೋಗಕ್ಕೆ ಸಂಬಂಧಿಸಿದ ಗುರುತುಗಳು ಇಲ್ಲಿ ಪತ್ತೆಯಾದವು. 2009ರಲ್ಲಿ ಜರ್ಮನಿಯ ಸಂಶೋಧಕರು, ಚಿಕ್ಕ ವಯಸ್ಸಿನಲ್ಲೇ ಬರುವ ತೀವ್ರ ವಸಡಿನ ರೋಗಕ್ಕೂ ಹೃದ್ರೋಗಕ್ಕೂ ಇಲ್ಲಿ ಸಮಾನ ಗುರುತು ಇದೆ ಎಂದು ತೋರಿಸಿದರು. ಮಧುಮೇಹದ ಗುರುತು ಅದರ ನೆರೆಯಲ್ಲಿದೆಯಾದರೂ ಎರಡೂ ಒಂದೇ ಅಲ್ಲ.

ಹಾಗಾದರೆ ನಂಟು ಎಲ್ಲಿದೆ?

ಅಮೆರಿಕದ ಅರಿಜೋನಾದ ಪಿಮಾ ಸಮುದಾಯದಲ್ಲಿ ಟೈಪ್ 2 ಮಧುಮೇಹದ ಪ್ರಮಾಣ ತೀರಾ ಹೆಚ್ಚು. 1990ರ ಅಧ್ಯಯನದ ಪ್ರಕಾರ, ಅಲ್ಲಿನ ಮಧುಮೇಹಿಗಳಲ್ಲಿ ವಸಡಿನ ರೋಗ ಹೊಸದಾಗಿ ಕಾಣಿಸಿಕೊಳ್ಳುವ ಪ್ರಮಾಣ ಉಳಿದವರಿಗಿಂತ 2.6 ಪಟ್ಟು ಹೆಚ್ಚಿತ್ತು. 1993ರಲ್ಲಿ ದಂತ ವಿಜ್ಞಾನಿ ಹೆರಾಲ್ಡ್ ಲೋ ವಸಡಿನ ರೋಗವನ್ನು ಮಧುಮೇಹದ ಆರನೇ ತೊಡಕು ಎಂದು ಕರೆದರು.

ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಅದು ಪ್ರೋಟೀನ್‌ಗಳಿಗೆ ಅಂಟಿಕೊಂಡು ವಸಡಿನಲ್ಲಿ ಉರಿಯೂತವನ್ನು ಕೆರಳಿಸುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೆಲಸವೂ ಏರುಪೇರಾಗುತ್ತದೆ. ಇತ್ತ ರೋಗಪೀಡಿತ ವಸಡಿನಿಂದ ರಕ್ತ ಸೇರುವ ಉರಿಯೂತದ ಅಂಶಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಹೀಗೆ ಒಂದು ಕಾಯಿಲೆ ಇನ್ನೊಂದನ್ನು ಹೆಚ್ಚಿಸುತ್ತದೆ.

ಚಿಕಿತ್ಸೆಯಿಂದ ಸಕ್ಕರೆ ಇಳಿಯುತ್ತದೆಯೇ?

35 ಪ್ರಯೋಗಗಳನ್ನು ಒಳಗೊಂಡ ಕೊಕ್ರೇನ್ ಪರಾಮರ್ಶೆ 2022ರಲ್ಲಿ ಪ್ರಕಟವಾಗಿದೆ. ಇದರ ಪ್ರಕಾರ ವಸಡಿಗೆ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಮಟ್ಟ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿದಿತ್ತು. ಅಂದರೆ 8.0 ಇದ್ದದ್ದು ಸುಮಾರು 7.6ಕ್ಕೆ ಬಂದಂತೆ. ಆದರೆ 2013ರಲ್ಲಿ ಅಮೆರಿಕದಲ್ಲಿ 514 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಇಂಥ ಲಾಭ ಕಾಣಲಿಲ್ಲ. ಹೀಗಾಗಿ ವಸಡಿನ ಚಿಕಿತ್ಸೆ ಮಧುಮೇಹದ ಔಷಧಿಗೆ ಬದಲಿಯಲ್ಲ, ಅದಕ್ಕೊಂದು ಆಸರೆ.

ಯಾರು ಎಚ್ಚರ ವಹಿಸಬೇಕು?

* ತಂದೆ-ತಾಯಿ, ಒಡಹುಟ್ಟಿದವರಿಗೆ ಮಧುಮೇಹವಿದ್ದು, ತಮಗೆ ವಸಡಿನಲ್ಲಿ ರಕ್ತ ಬರುತ್ತಿದ್ದರೆ ದಂತವೈದ್ಯರನ್ನು ಕಾಣುವುದರ ಜತೆಗೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.
* ಮಧುಮೇಹ ಇರುವವರು ದಂತವೈದ್ಯರಿಗೆ ತಮ್ಮ ಎಚ್‌ಬಿಎ1ಸಿ ಮಟ್ಟ ತಿಳಿಸಬೇಕು. 2018ರ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಇದು 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಸಡಿನ ರೋಗ ವೇಗವಾಗಿ ಬೆಳೆಯುವ ಅಪಾಯವಿದೆ.
* ಧೂಮಪಾನಿಗಳಲ್ಲಿ ವಸಡಿನ ರಕ್ತಸ್ರಾವ ಕಡಿಮೆ ಇರುತ್ತದೆ. ರಕ್ತ ಬರುತ್ತಿಲ್ಲ ಎಂದು ಅವರು ನಿಶ್ಚಿಂತರಾಗುವಂತಿಲ್ಲ.
* ಬಾಯಿ ವಾಸನೆ, ವಸಡು ಕೆಳಗಿಳಿಯುವುದು, ಹಲ್ಲು ಸಡಿಲವಾಗುವುದು ಕಂಡರೆ ತಡಮಾಡಬಾರದು.

ಇದಕ್ಕಾಗಿ ದುಬಾರಿ ಜೀನ್ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇತ್ತು, ಯಾರ ಹಲ್ಲು ಬೇಗ ಬಿದ್ದವು ಎಂಬ ಮಾಹಿತಿಯನ್ನು ವೈದ್ಯರಿಗೆ ಕೊಟ್ಟು, ದಿನಕ್ಕೆರಡು ಬಾರಿ ಹಲ್ಲುಜ್ಜಿ, ವೈದ್ಯರು ಹೇಳಿದಾಗ ಸ್ಕೇಲಿಂಗ್ ಮಾಡಿಸಿಕೊಂಡರೆ ವಂಶದಿಂದ ಬಂದ ಅಪಾಯವನ್ನೂ ಸಾಕಷ್ಟು ತಗ್ಗಿಸಬಹುದು.