ತೆಂಗಿನ ಸಸಿಗೆ ಸಿಕ್ಕ ಕುಮ್ಕಿ

ಬಾರ್ಕೂರು ಅಂದ್ರೆ ಕೋಟೆ, ಕತ್ತಲೆ ಬಸದಿ ಅಂತ ಫೋಟೊ ಹಾಕ್ತೇವೆ. ಇಲ್ಲಿನ ಹಾಡಿಗೂ ಒಂದು ಇತಿಹಾಸ ಉಂಟು ಮಾರಾಯ್ರೆ!

ಕರಾವಳಿಯ ಹೊಯ್ಗೆ ಮಣ್ಣಲ್ಲಿ ಸಸಿಗೆ ಹಾಕಿದ ಗೊಬ್ಬರದ ಸಾರ ಮಳೆನೀರಿನ ಜೊತೆ ಇಳಿದು ಹೋಗುತ್ತದೆ. ಅದಕ್ಕೇ ಹಿರಿಯರು ಗುಂಡಿಯಲ್ಲಿ ತೆಂಗಿನ ಸಿಪ್ಪೆ ಹೂತು, ಬುಡಕ್ಕೆ ಸೊಪ್ಪು, ಹಟ್ಟಿಗೊಬ್ಬರ, ಬೂದಿ ಹಾಕುತ್ತಿದ್ದರು. ಸಿಪ್ಪೆ ನೀರು ಹಿಡಿಯುತ್ತದೆ, ಬೂದಿಯಲ್ಲಿ ಪೊಟ್ಯಾಶ್ ಇದೆ. 1916ರಲ್ಲಿ ಶುರುವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರವೂ ಸಿಪ್ಪೆ ಹೂಳಿ ಅಂತಲೇ ಹೇಳುತ್ತದೆ.

ಸೊಪ್ಪು ಎಲ್ಲಿಂದ? ಮದ್ರಾಸ್ ಆಡಳಿತದಲ್ಲಿ ನಮ್ಮ ಜಿಲ್ಲೆಯ ವರ್ಗದಾರರಿಗೆ ತಮ್ಮ ಭೂಮಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ ತರುವ ಸವಲತ್ತಿತ್ತು. ಅದೇ ಕುಮ್ಕಿ. ‘ಕುಮ್ಮಕ್ಕು’ ಕೂಡ ಇದೇ ಬೇರಿನ ಪದ; ಮೂಲದ ಅರ್ಥ ಸಹಾಯ.

ಈಗ ಕುಮ್ಕಿ ಅಂದ್ರೆ ಜಾಗ ಯಾರ ಹೆಸರಿಗೆ ಅನ್ನೋ ಮಾತೇ ಜಾಸ್ತಿ. ಹಾಡಿ ಬೋಳಾದ ಕಡೆ ಸಸಿಗೆ ಚೀಲದ ಗೊಬ್ಬರವೇ ಗತಿ.