ಅಶ್ವವೈದ್ಯ ಮತ್ತು ಅರಿವಳಿಕೆಯ ಅಳತೆ

ಕನ್ನಡದಲ್ಲಿ ಪಶುವೈದ್ಯವನ್ನು ಶಾಸ್ತ್ರವಾಗಿ ಬರೆದವರಲ್ಲಿ ಜೈನರು ಮುಂಚೂಣಿಯಲ್ಲಿದ್ದರು. ಚಾಲುಕ್ಯ ಕುಲದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ‘ಗೋವೈದ್ಯ’ವನ್ನೂ, ಅಭಿನವಚಂದ್ರನು ಸುಮಾರು 1400ರಲ್ಲಿ ‘ಅಶ್ವವೈದ್ಯ’ವನ್ನೂ ರಚಿಸಿದರು. ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ವು 1627ರಲ್ಲಿ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ ಹುಟ್ಟಿತು. ಕುದುರೆಯೇ ರಾಜ್ಯದ ಬಲವಾಗಿದ್ದ ಕಾಲವದು. ಆದುದರಿಂದ ಈ ಗ್ರಂಥಗಳು ಕರುಣೆಯೊಂದರಿಂದಲೇ ಹುಟ್ಟಿದವೆಂದು ಹೇಳಲಾಗದು.

ಉಸಿರಿನೊಡನೆ ಕೊಡುವ ಅರಿವಳಿಕೆ ಆ ವೈದ್ಯರಿಗೆ ದೊರೆತಿರಲಿಲ್ಲ. ಈಥರ್ 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ, ಹ್ಯಾಲೋಥೇನ್ 1956ರಲ್ಲಿ ಚಿಕಿತ್ಸೆಗೆ ಬಂದವು. ಕುದುರೆಗೆ ಇವು ವರವೂ ಹೌದು, ಅಪಾಯವೂ ಹೌದು. ಐದುನೂರು ಕಿಲೋ ತೂಕದ ದೇಹವನ್ನು ಮಲಗಿಸಿದಾಗ ಅದರ ಭಾರವೇ ಶ್ವಾಸಕೋಶವನ್ನೂ ಸ್ನಾಯುಗಳನ್ನೂ ಒತ್ತುತ್ತದೆ. ಅನಿಲ ಹೆಚ್ಚಿದಷ್ಟೂ ರಕ್ತದೊತ್ತಡ ಕುಸಿಯುತ್ತದೆ. ಎಚ್ಚರವಾಗುವಾಗ ತಡವರಿಸಿ ಎದ್ದು ಕಾಲು ಮುರಿದುಕೊಳ್ಳುವುದೂ ಉಂಟು. 2002ರಲ್ಲಿ ಪ್ರಕಟವಾದ, ನಲವತ್ತು ಸಾವಿರಕ್ಕೂ ಮಿಕ್ಕ ಅರಿವಳಿಕೆಗಳ ಸಮೀಕ್ಷೆಯಲ್ಲಿ, ಹೊಟ್ಟೆಶೂಲೆಯ ಪ್ರಕರಣಗಳನ್ನು ಬಿಟ್ಟರೂ ನೂರಕ್ಕೆ ಸುಮಾರು ಒಂದು ಕುದುರೆ ಸತ್ತಿತ್ತು.

ಆದುದರಿಂದ ಅನಿಲವನ್ನು ತಗ್ಗಿಸುವುದೇ ಜೀವರಕ್ಷಣೆಯ ಮಾರ್ಗವಾಯಿತು. ನೋವಿನ ಪ್ರಚೋದನೆಗೆ ಅರ್ಧದಷ್ಟು ಪ್ರಾಣಿಗಳು ಮಿಸುಕದಿರಲು ಬೇಕಾದ ಪ್ರಮಾಣವೇ ಇಲ್ಲಿಯ ಅಳತೆಗೋಲು. ಕುದುರೆಗೆ ಐಸೋಫ್ಲೂರೇನ್ ಶೇಕಡಾ 1.3ರಷ್ಟು ಬೇಕು. ಮಂಪರನ್ನೂ ನೋವುಶಮನವನ್ನೂ ಒಟ್ಟಿಗೆ ತರುವ ಝೈಲಜಿನ್ ಕೊಟ್ಟರೆ ಈ ಅಗತ್ಯವು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿಯುತ್ತದೆ. ಆದರೆ ಆ ಮದ್ದು ಹೃದಯದ ಬಡಿತವನ್ನೂ ನಿಧಾನಗೊಳಿಸುತ್ತದೆ.

ಮಾರ್ಫಿನ್‌ನ ಕಥೆ ಬೇರೆ. ಮನುಷ್ಯನನ್ನು ಶಾಂತಗೊಳಿಸುವ ಅದು ಕುದುರೆಯನ್ನು ಕೆರಳಿಸಬಲ್ಲದು. ಪ್ರಯೋಗಗಳಲ್ಲಿ ಕೆಲವು ಕುದುರೆಗಳಿಗೆ ಅನಿಲದ ಅಗತ್ಯ ಇಳಿಯಿತು, ಕೆಲವಕ್ಕೆ ಏರಿತು. ಒಂದು ಜೀವದ ಅನುಭವವನ್ನು ಇನ್ನೊಂದಕ್ಕೆ ಹೊರಿಸಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಮಿಸುಕದಿರುವುದೂ ನೋವಿಲ್ಲದಿರುವುದೂ ಒಂದೇ ಅಲ್ಲ. ಅನಿಲವು ದೇಹವನ್ನು ನಿಶ್ಚಲಗೊಳಿಸುತ್ತದೆ, ಎಚ್ಚರವಾದ ಮೇಲಿನ ವೇದನೆಗೆ ಬೇರೆಯೇ ಮದ್ದು ಬೇಕು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಛೇದವೂ ಒಂದು. ಪ್ರಾಣಿಯ ಹಿತಕ್ಕಾಗಿ ನಡೆಯುವ ಶಸ್ತ್ರಕ್ರಿಯೆಯನ್ನು ಅದರಲ್ಲಿ ಸೇರಿಸಲಾಗದು. ಆದರೆ ಈ ಅಳತೆಗಳು ದೊರೆತ ಬಗೆಯನ್ನು ಮರೆಯುವುದೂ ಸಲ್ಲದು: ಅರಿವುತಪ್ಪಿದ, ರೋಗವಿಲ್ಲದ ಕುದುರೆಗಳ ಒಸಡಿಗೆ ವಿದ್ಯುತ್ ಹಾಯಿಸಿ, ಅವು ಮಿಸುಕಿದವೇ ಎಂದು ಎಣಿಸಿ ಪಡೆದ ಜ್ಞಾನವಿದು. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಶಸ್ತ್ರಕ್ರಿಯೆಯುಳ್ಳವನ್ನು ಸಾಧ್ಯವಾದಮಟ್ಟಿಗೆ, ನೋವು ತಿಳಿಯದಷ್ಟು ಅರಿವಳಿಕೆಯಲ್ಲಿ ನಡೆಸಬೇಕೆಂದಿತು. ‘ಸಾಧ್ಯವಾದಮಟ್ಟಿಗೆ’ ಎಂಬ ಆ ಮಾತಿನ ವ್ಯಾಪ್ತಿಯನ್ನು ಕಾಯಿದೆಯು ವಿವರಿಸಿಲ್ಲ.